ಚಾರ್ಜರ್ ಇಲ್ಲದ ಡಬ್ಬ

2020ರ ಅಕ್ಟೋಬರ್‌ನಲ್ಲಿ ಐಫೋನ್ 12 ಬಂದಾಗ ಡಬ್ಬದಿಂದ ಚಾರ್ಜರ್ ಮಾಯ. ಪರಿಸರಕ್ಕಾಗಿ ಎಂದಿತು ಆಪಲ್. ಡಬ್ಬ ಚಿಕ್ಕದಾದ್ದರಿಂದ ಒಂದು ಸಾಗಣೆಯಲ್ಲಿ ಶೇ 70ರಷ್ಟು ಹೆಚ್ಚು ಫೋನ್ ಹಿಡಿಸುತ್ತವಂತೆ. ಒಪ್ಪೋಣ. ಆದರೆ ಒಳಗಿದ್ದ ಕೇಬಲ್ಲಿನ ತುದಿ ಯುಎಸ್‌ಬಿ-ಸಿ. ಮನೆಮನೆಯಲ್ಲಿದ್ದ ಹಳೇ ಚಾರ್ಜರ್‌ಗಳಿಗೆ ಅದು ಕೂರುತ್ತಲೇ ಇರಲಿಲ್ಲ!

ಆಪಲನ್ನು ಆಡಿಕೊಂಡ ಸ್ಯಾಮ್‌ಸಂಗ್, ಮೂರೇ ತಿಂಗಳಲ್ಲಿ ಗ್ಯಾಲಕ್ಸಿ ಎಸ್21ರ ಜೊತೆ ತಾನೂ ಅದೇ ದಾರಿ ಹಿಡಿಯಿತು. 2022ರಲ್ಲಿ ಚಾರ್ಜರ್ ಕೊಡದಿದ್ದಕ್ಕೆ ಬ್ರೆಜಿಲ್ ಸರ್ಕಾರ ಆಪಲ್‌ಗೆ 1.2 ಕೋಟಿ ರಿಯಾಲ್‌ಗೂ ಹೆಚ್ಚು ದಂಡ ಹಾಕಿತು. ಯುರೋಪಿನ ದಾರಿ ವಾಸಿ: 2024ರ ಡಿಸೆಂಬರ್‌ನಿಂದ ಹೊಸ ಫೋನುಗಳಿಗೆಲ್ಲ ಒಂದೇ ಪೋರ್ಟು, ಚಾರ್ಜರ್ ಬೇಡವೆನ್ನುವ ಹಕ್ಕು ಗ್ರಾಹಕನಿಗೆ.

ಬೇಡವೆಂದವನಿಗೆ ಬೆಲೆಯಲ್ಲೂ ಅಷ್ಟು ಕಡಿತ ಮಾಡಲಿ. ಆಗ ಪರಿಸರ ಕಾಳಜಿಯನ್ನು ನಂಬೋಣ.