ಅಟ್ಟದ ಮೇಲಿನ ಕುರ್ಚಿ

ಬೆಂಗಳೂರು–ಮೈಸೂರು ಹೆದ್ದಾರಿಯ ಗದ್ದಲವನ್ನು ಮದ್ದೂರಿನಲ್ಲಿ ಬಿಟ್ಟು ಒಳದಾರಿ ಹಿಡಿದರೆ ಕಬ್ಬಿನ ಗದ್ದೆ, ತೆಂಗಿನ ತೋಟಗಳ ಸೀಮೆಯಲ್ಲಿ ಬೆಸಗರಹಳ್ಳಿ ಸಿಗುತ್ತದೆ. ಕನ್ನಡ ಕಥೆಗಳನ್ನು ಓದುವ ವಿದ್ಯಾರ್ಥಿಗಳಿಗೆ ಈ ಹೆಸರು ಹೊಸದಲ್ಲ. ವೃತ್ತಿಯಿಂದ ವೈದ್ಯರಾಗಿದ್ದ ಕಥೆಗಾರ ಬೆಸಗರಹಳ್ಳಿ ರಾಮಣ್ಣ (1938–1998) ಊರನ್ನು ತಮ್ಮ ಹೆಸರಿನ ಮುಂದೆ ಹೊತ್ತು ನಾಡಿಗೆಲ್ಲ ಪರಿಚಯಿಸಿದರು. ಹಳ್ಳಿ ನೋಡಲು ಹೋದವರು ಸಾಮಾನ್ಯವಾಗಿ ಗುಡಿ ಎಲ್ಲಿ, ಕೆರೆ ಎಲ್ಲಿ ಎಂದು ವಿಚಾರಿಸುತ್ತಾರೆ. ಆದರೆ ಈ ಸೀಮೆಯ ಹಳ್ಳಿಗಳಲ್ಲಿ ನೋಡಬೇಕಾದ ಇನ್ನೊಂದು ವಸ್ತುವಿದೆ. ಅದು ಜಗುಲಿಯ ಮೇಲೋ, ಹಜಾರದ ಮೂಲೆಯಲ್ಲೋ, ಹೆಚ್ಚಾಗಿ ಅಟ್ಟದ ಮೇಲೋ ಧೂಳು ತಿನ್ನುತ್ತ ಕೂತಿರುತ್ತದೆ. ಅದೇ ಹಳೆಯ ಕುರ್ಚಿ.

ಹಳ್ಳಿಯ ಮನೆಗೆ ಕುರ್ಚಿ ಬಂದದ್ದು ಬಹಳ ಹಿಂದೇನೂ ಅಲ್ಲ. ಊಟಕ್ಕೆ ಮಣೆ, ಮಲಗಲು ಚಾಪೆ, ಮಾತಿಗೆ ಜಗುಲಿಕಟ್ಟೆ ಇದ್ದ ಮೇಲೆ ನಾಲ್ಕು ಕಾಲಿನ ಆಸನದ ಅಗತ್ಯವಾದರೂ ಏನಿತ್ತು? ಪದವೇ ಹೊರಗಿನದು, ಅರಬ್ಬಿಯ ‘ಕುರ್ಸಿ’ ಪಾರಸಿಯ ದಾರಿಯಲ್ಲಿ ಬಂದು ನಮ್ಮಲ್ಲಿ ‘ಕುರ್ಚಿ’ಯಾಯಿತು. ವಸ್ತುವೂ ಸರ್ಕಾರದ ಬೆನ್ನು ಹಿಡಿದೇ ಹಳ್ಳಿಗೆ ಬಂತು. ಅಮಲ್ದಾರರು ಜಮಾಬಂದಿಗೆ ಬಂದಾಗ ಕೂರಲು ಪಟೇಲರ ಮನೆಯಲ್ಲಿ ಒಂದು, ಶಾಲೆಯ ಮೇಷ್ಟ್ರಿಗೆ ಒಂದು. ಕನ್ನಂಬಾಡಿ ಕಟ್ಟೆಯ ನೀರು ನಾಲೆಗಳಲ್ಲಿ ಹರಿದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾದ ಮೇಲೆ ಈ ಸೀಮೆಯಲ್ಲಿ ಕಾಸು ಓಡಾಡತೊಡಗಿತು; ಅನುಕೂಲಸ್ಥರ ಹಜಾರಕ್ಕೂ ಕುರ್ಚಿ ಬಂತು.

ಬಂದರೂ ಎಲ್ಲರೂ ಕೂರುವಂತಿರಲಿಲ್ಲ. ಯಜಮಾನರು ಕುರ್ಚಿಯ ಮೇಲೆ, ನೆಂಟರು ಚಾಪೆಯ ಮೇಲೆ, ಆಳುಮಗ ಜಗುಲಿಯ ಕೆಳಗೆ ನಿಂತು ಎನ್ನುವ ಲೆಕ್ಕ ಬರೆದಿಡದೆಯೇ ನಡೆಯುತ್ತಿತ್ತು. ಪಟೇಲ, ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳು 1963ರ ಫೆಬ್ರವರಿ 1ರಿಂದ ರದ್ದಾದವು; ಕುರ್ಚಿಯ ಗತ್ತು ಇಳಿಯಲು ಇನ್ನೂ ಕೆಲವು ಕಾಲ ಬೇಕಾಯಿತು. ಹಳೆಯ ಕುರ್ಚಿಯ ಚೆಂದವನ್ನು ಹೊಗಳುವಾಗ ಈ ಮಾತನ್ನೂ ಮಕ್ಕಳಿಗೆ ಹೇಳಬೇಕು. ಅದರಲ್ಲಿ ಕೂರಲು ಈಗಲೂ ಹಿಂಜರಿಯುವ ಹಿರಿಯರಿದ್ದರೆ ಅದು ಬರಿಯ ಸಂಕೋಚವಲ್ಲ.

ಈಗ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುವ ಕಾಲ. ಪ್ಲಾಸ್ಟಿಕ್ ಕುರ್ಚಿಯನ್ನು ಒಂದರ ಮೇಲೊಂದು ಪೇರಿಸಿಡಬಹುದು, ಮಗುವೂ ಎತ್ತಬಲ್ಲದು, ಬೆಲೆಯೂ ಕಡಿಮೆ. “ಹಳೇ ಸಾಮಾನು ಅದಾವೇನವ್ವಾ?” ಎಂದು ಕೂಗುತ್ತ ಬಂದವನಿಗೆ ಬೀಟೆಮರದ ಕುರ್ಚಿಯೊಂದನ್ನು ಕೊಟ್ಟು ಎರಡು ಪ್ಲಾಸ್ಟಿಕ್ ಕುರ್ಚಿ ಪಡೆದರೆ ಲಾಭವೆಂದೇ ತೋರುತ್ತದೆ. ಅಂಥದೇ ಕುರ್ಚಿ ಪಾಲಿಷ್ ಮಾಡಿಸಿಕೊಂಡು ಬೆಂಗಳೂರಿನ ಅಂಗಡಿಯಲ್ಲಿ ಕೂತಾಗ, ಅದೇ ಮನೆಯ ಮೊಮ್ಮಗ ತನ್ನ ಫ್ಲ್ಯಾಟಿಗೆಂದು ಅದರ ಬೆಲೆ ಕೇಳುತ್ತಾನೆ. ಆದ್ದರಿಂದ ಹಳೆಯ ಕುರ್ಚಿ ಬೇಕೆನ್ನುವವರು ಪೇಟೆಗೆ ಹೊರಡುವ ಮುನ್ನ ಊರಿನ ಮನೆಯ ಅಟ್ಟಕ್ಕೆ ಏಣಿ ಹಾಕುವುದು ಲೇಸು.

ಅಲ್ಲಿ ಸಿಗುವುದು ಏನು? ಕೆಲವೆಡೆ ಗುಂಡು ಬೆನ್ನಿನ, ಬೆತ್ತ ಹೆಣೆದ ಕಚೇರಿ ಕುರ್ಚಿ. ಕೆಲವೆಡೆ ಕಾಲು ಚಾಚಿ ಒರಗುವ ಆರಾಮ ಕುರ್ಚಿ. ಇದರ ದೊಡ್ಡಣ್ಣ ಮಲೆನಾಡು, ಕೊಡಗಿನ ಕಾಫಿ ಬಂಗಲೆಗಳಲ್ಲಿದ್ದಾನೆ. ಕೈಗಳು ಎಷ್ಟು ಉದ್ದವೆಂದರೆ ಅವುಗಳ ಮೇಲೆಯೇ ಕಾಲು ಇಳಿಬಿಡಬಹುದು. ಅದೃಷ್ಟವಿದ್ದರೆ ಬಳ್ಳಿಯಂತೆ ಬಾಗಿದ ತೆಳು ಮರದ ಕುರ್ಚಿಯೂ ಸಿಕ್ಕೀತು. ಅದರ ಕಥೆ ವಿಜ್ಞಾನದ ವಿದ್ಯಾರ್ಥಿಗಳಿಗೆ ರುಚಿಸುವಂಥದು. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಪದಾರ್ಥ ಹಬೆಯ ಬಿಸಿಗೆ ಮೆದುವಾಗುತ್ತದೆ. ಆಗ ಬಗ್ಗಿಸಿ ಅಚ್ಚಿಗೆ ಬಿಗಿದು ಒಣಗಿಸಿದರೆ ಬಾಗು ಹಾಗೆಯೇ ನಿಲ್ಲುತ್ತದೆ. ಮೈಖೇಲ್ ಥೋನೆಟ್ ಎಂಬಾತ ಈ ವಿಧಾನದಿಂದ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿಯಲ್ಲಿ 6 ಮರದ ತುಂಡು, 10 ತಿರುಪು, 2 ನಟ್ಟು ಅಷ್ಟೆ. ಬಿಚ್ಚಿ ಜೋಡಿಸಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿದ್ದವು. ಆ ಜಾತಿಯ ಕುರ್ಚಿಗಳು ಹಡಗೇರಿ ಲೋಕವೆಲ್ಲ ಸುತ್ತಿದ್ದು ಹೀಗೆ.

ಅಟ್ಟದಲ್ಲಿ ಸಿಗದೆ ಅಂಗಡಿಗೇ ಹೋಗಬೇಕಾದವರು ಹೊಳಪಿಗೆ ಮರುಳಾಗಬಾರದು. ಮೊದಲು ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಬೇಕು. ಹೊಸ ಮರಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣ ಬಳಿದರೆ ಕ್ಷಣದಲ್ಲಿ ಕಂದು ಬಣ್ಣ ಬರುತ್ತದೆ. ಪ್ರಯೋಗಶಾಲೆಯ ಈ ಪಾಠ ವ್ಯಾಪಾರಿಗಳಿಗೂ ಗೊತ್ತು. ಆದರೆ ಬಣ್ಣ ಹಚ್ಚಿದಷ್ಟು ಸುಲಭವಾಗಿ ಸವೆತವನ್ನು ಸೃಷ್ಟಿಸಲಾಗದು. ಅಂಗೈ ಊರುವ ಕೈತುದಿ, ಪಾದ ಇಡುವ ಮುಂದಿನ ಅಡ್ಡಪಟ್ಟಿ, ನೆಲಕ್ಕೆ ಉಜ್ಜುವ ಹಿಂಗಾಲು, ಇಲ್ಲಿ ಮರ ನುಣ್ಣಗೆ ಸವೆದಿರಬೇಕು. ಯಾರ ಮೈಯೂ ತಾಗದ ಕಡೆ ಗೀರುಗಳಿದ್ದು, ತಾಗುವ ಕಡೆ ಅಂಚು ಚೂಪಾಗಿದ್ದರೆ ಆ ಕುರ್ಚಿಯ ವಯಸ್ಸು ಅಂಗಡಿಯವನ ಬಾಯಲ್ಲಿ ಮಾತ್ರ ಇದೆ. ತಿರುಪಿನ ತಲೆಯಲ್ಲಿ ಅಡ್ಡ-ಉದ್ದ ಗೀರಿನ ‘ಪ್ಲಸ್’ ಗುರುತು ಕಂಡರೆ ಕುರ್ಚಿ ಈಚಿನದು, ಇಲ್ಲವೆ ಈಚೆಗೆ ರಿಪೇರಿಯಾದದ್ದು; ಆ ಬಗೆಯ ತಿರುಪು ಬಳಕೆಗೆ ಬಂದದ್ದೇ 1930ರ ದಶಕದಲ್ಲಿ.

ಮುಂದಿನದು ಮರ. ತೇಗ ಹಗುರ, ಎಣ್ಣೆಯ ಅಂಶವಿರುವುದರಿಂದ ಗೆದ್ದಲಿಗೆ ಒಗ್ಗದು. ಬೀಟೆ ಅದಕ್ಕಿಂತ ತೂಕ, ನೇರಳೆ ಛಾಯೆಯ ಕಂದು ಬಣ್ಣದಲ್ಲಿ ಕಪ್ಪು ಗೆರೆ. ಯಾವ ಮರವಾದರೂ ನಡುವಿನ ಚೇಗೇ ಗಟ್ಟಿ. ಸುತ್ತಲಿನ ಬಿಳಿಯ ಭಾಗದಲ್ಲಿ ಹುಳುವಿಗೆ ಆಹಾರವಿರುತ್ತದೆ. ಕುರ್ಚಿಯನ್ನು ಕಾಗದದ ಮೇಲಿಟ್ಟು ಎರಡು ದಿನ ಬಿಟ್ಟಾಗ ಹಿಟ್ಟಿನಂಥ ಪುಡಿ ಉದುರಿದ್ದರೆ ಕುಟ್ಟೆಹುಳು ಇನ್ನೂ ಒಳಗೆ ಕೆಲಸದಲ್ಲಿದೆ ಎಂದರ್ಥ. ಹಳೆಯ ತೂತು ಮಾತ್ರ ಇದ್ದು ಪುಡಿ ಬೀಳದಿದ್ದರೆ ಅಷ್ಟು ಹೆದರಬೇಕಿಲ್ಲ. ನೂರು ವರ್ಷ ದಾಟಿದ ಕುಶಲ ಕೆಲಸದ ವಸ್ತುವಿಗೆ 1972ರ ಪ್ರಾಚ್ಯವಸ್ತು ಕಾನೂನು ಅನ್ವಯಿಸಬಹುದು, ಬೀಟೆಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೂ 2017ರಿಂದ ನಿಯಂತ್ರಣವಿದೆ. ಅಮೆರಿಕದ ಮಗಳಿಗೆ ಅಜ್ಜನ ಕುರ್ಚಿ ಕಳುಹಿಸುವ ಉತ್ಸಾಹಿಗಳು ಮೊದಲು ವಿಚಾರಿಸುವುದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯ ಕೂಡುಗಳು. ಕುರ್ಚಿ ಅಲುಗಾಡಿದರೆ ಮೊದಲು ನೆಲವನ್ನು ಅನುಮಾನಿಸಬೇಕು. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ, ನಾಲ್ಕನೆಯದು ಇರಲೇಬೇಕೆಂದಿಲ್ಲ. ಮುಕ್ಕಾಲಿ ಎಲ್ಲಿಟ್ಟರೂ ನಿಲ್ಲುವುದು, ಕುರ್ಚಿ ತಕರಾರು ಮಾಡುವುದು ಇದೇ ಕಾರಣಕ್ಕೆ. ಮಟ್ಟಸವಾದ ಕಲ್ಲುಚಪ್ಪಡಿಯ ಮೇಲಿಟ್ಟು ನೋಡದೆ ಕಾಲು ಕುಯ್ಯಬಾರದು. ಅಲ್ಲಿಯೂ ಅಲುಗಿದರೆ ಬೆನ್ನನ್ನು ಹಿಡಿದು ಪಕ್ಕಕ್ಕೆ ಮೆಲ್ಲಗೆ ತಳ್ಳಿ, ಯಾವ ಕೂಡು ಬಾಯಿಬಿಡುತ್ತದೆ ಎಂದು ಗುರುತಿಸಬೇಕು. ಮರ ತೇವಕ್ಕೆ ಅಡ್ಡಡ್ಡ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ತೀರ ಕಡಿಮೆ. ವರ್ಷವರ್ಷವೂ ಮಳೆಗೆ ಬಿಗಿದು ಬೇಸಿಗೆಗೆ ಸಡಿಲಿದ ಕೂಡು ಒಂದು ದಿನ ಸೋಲುತ್ತದೆ. ಹಳೆಯ ಬಡಗಿಗಳು ಇದನ್ನು ಬಲ್ಲವರಾಗಿದ್ದರು. ಚೌಕ ತೂತಿಗೆ ಅಡ್ಡಪಟ್ಟಿಯ ತುದಿ ಸೇರಿಸಿ, ಚರ್ಮ, ಮೂಳೆ ಕುದಿಸಿ ತೆಗೆದ ಅಂಟು ಹಾಕುತ್ತಿದ್ದರು. ಆ ಅಂಟು ಬಿಸಿನೀರಿಗೆ ಕರಗುತ್ತದೆ. ಅಂದರೆ ಕುರ್ಚಿಯನ್ನು ಬಿಚ್ಚಿ, ಕೆರೆದು, ಮತ್ತೆ ಕೂಡಿಸಬಹುದು. ಅವಸರದಲ್ಲಿ ಕಬ್ಬಿಣದ ಮೊಳೆ ಹೊಡೆದ ಕುರ್ಚಿಗೆ ಈ ಭಾಗ್ಯವಿಲ್ಲ. ಮೊಳೆ ತುಕ್ಕು ಹಿಡಿಯುತ್ತದೆ, ಮರ ಸೀಳುತ್ತದೆ. ಸಡಿಲಾದ ಒಳ್ಳೆಯ ಕುರ್ಚಿಗಿಂತ ಮೊಳೆ ಹೊಡೆದ ಗಟ್ಟಿ ಕುರ್ಚಿ ಕೀಳು.

ಇಷ್ಟಾಗಿ, ಓದುವ ಮಗನಿಗೋ ಮಗಳಿಗೋ ಅಜ್ಜನ ಆರಾಮ ಕುರ್ಚಿ ಕೊಟ್ಟು ಪುಸ್ತಕ ಹಿಡಿಸಿದರೆ ಹತ್ತು ನಿಮಿಷಕ್ಕೆ ನಿದ್ರೆ ಖಚಿತ. ಅದನ್ನು ಮಾಡಿದ್ದೇ ಅದಕ್ಕೆ. ಓದಿಗೆ ನೇರ ಬೆನ್ನಿನ ಕುರ್ಚಿಯೇ ಬೇಕು. ಕೂತಾಗ ಪಾದ ಪೂರ್ತಿ ನೆಲ ಮುಟ್ಟಬೇಕು, ಕೈಪಟ್ಟಿ ಮೇಜಿನ ಕೆಳಗೆ ತೂರಬೇಕು. ದೊಡ್ಡವರಿಗೆ ಆಸನದ ಎತ್ತರ ಸುಮಾರು 45 ಸೆಂಟಿಮೀಟರ್ ಸಾಕು. ಚಿಕ್ಕವರ ಕಾಲು ನೇತಾಡುತ್ತಿದ್ದರೆ ಹಳೆಯ ಮಣೆಯನ್ನೇ ಪಾದದಡಿಗಿಡಬಹುದು. ಮುಂಗಾಲೆತ್ತಿ ಹಿಂದಕ್ಕೆ ತೂಗಾಡುವ ಮಕ್ಕಳಿಗೆ ಮಾತ್ರ ಮೊದಲೇ ಎಚ್ಚರಿಕೆ ಕೊಡಬೇಕು. ಗುರುತ್ವ ಕೇಂದ್ರದ ನೇರ ಹಿಂಗಾಲುಗಳಾಚೆ ಜಾರಿದ ಕೂಡಲೆ ಬೀಳುವುದೊಂದೇ ದಾರಿ. ಬೀಳದಿದ್ದರೂ ಆಸನದ ಹಿಂಬದಿಯ ಕೂಡಿಗೆ ಸನ್ನೆಗೋಲಿಟ್ಟು ಮೀಟಿದಂತಾಗುತ್ತದೆ.

ಬೆತ್ತ ಹರಿದದ್ದೇ ಕುರ್ಚಿ ಎಸೆಯಲು ಕಾರಣವಾಗಬಾರದು. ಬೆತ್ತವೆಂಬುದು ಬಿದಿರಿನಂತೆ ಪೊಳ್ಳಲ್ಲ, ಪಶ್ಚಿಮ ಘಟ್ಟದಲ್ಲೂ ಬೆಳೆಯುವ, ಮುಳ್ಳಿನಿಂದ ಮರ ಹಿಡಿದೇರುವ ತಾಳೆಯ ಜಾತಿ. ಅದರ ಸಿಪ್ಪೆಯನ್ನು ನೆನೆಸಿ ಚೌಕಟ್ಟಿನ ತೂತುಗಳಲ್ಲಿ ಆರು ಸಲ ಹಾಯಿಸಿ ಎಂಟು ಮೂಲೆಯ ಕಣ್ಣು ಮೂಡಿಸುತ್ತಾರೆ. ಬೆರಳೇ ಕಣ್ಣಾಗುವ ಈ ಕೆಲಸವನ್ನು ಅಂಧ ಮಕ್ಕಳ ಶಾಲೆಗಳಲ್ಲಿ ಕಲಿಸುವ ಪದ್ಧತಿ ದೇಶದಲ್ಲಿ ಬಹುಕಾಲ ನಡೆದುಬಂತು. ಬೆತ್ತ ಬೇಡವೆಂದು ಫೋಮು ಹೊದಿಸಿದಾಗಲೆಲ್ಲ ಒಬ್ಬರ ಕೂಲಿ ತಪ್ಪುತ್ತದೆ. ಇನ್ನೂ ಹರಿಯದೆ ಬರಿದೆ ಜೋತುಬಿದ್ದ ಬೆತ್ತಕ್ಕೆ ಮನೆಮದ್ದು ಇದೆ. ಕುರ್ಚಿಯನ್ನು ಕವುಚಿ, ಅಡಿಭಾಗವನ್ನು ಬಿಸಿನೀರಿನ ಬಟ್ಟೆಯಿಂದ ಚೆನ್ನಾಗಿ ಒದ್ದೆ ಮಾಡಿ, ಯಾರೂ ಕೂರದಂತೆ ನೆರಳಿನಲ್ಲಿ ಒಣಗಲು ಬಿಡಬೇಕು. ನೀರು ಕುಡಿದ ಬೆತ್ತ ಆರುತ್ತ ಬಿಗಿಯುತ್ತದೆ. ಮಾರನೆಯ ಬೆಳಿಗ್ಗೆ ಬೆರಳಿನಿಂದ ಮೀಟಿದರೆ ಕಾಯಿಸಿದ ತಮಟೆಯಂತೆ ಟಣ್ ಎನ್ನುತ್ತದೆ.