ಬೆಲ್ಟು ಕಳಚುವ ಹೊತ್ತು

ಬೆಂಗಳೂರಿನಲ್ಲಿ ಎಚ್‌ಎಂಟಿ ಅಂದರೆ ಕೈಗಡಿಯಾರ. ನನ್ನ ಟೀಮಿನಲ್ಲೊಬ್ಬ ಹಳೇ ಎಚ್‌ಎಂಟಿ ವಾಚುಗಳನ್ನು ಹುಡುಕಿ ಹುಡುಕಿ ಕೊಳ್ಳುತ್ತಾನೆ, ದಿನಕ್ಕೊಂದು ಕಟ್ಟಿಕೊಂಡು ಬರುತ್ತಾನೆ. ನಮ್ಮನೇಲೂ ಒಂದು ಎಚ್‌ಎಂಟಿ ಇದೆ ಅಂದೆ ಒಂದ್ಸಲ. ಯಾವ ಮಾಡೆಲ್ ಅಂದ. 2511 ಅಂದೆ. ಫೋನಿನಲ್ಲಿ ಹುಡುಕಿದವನು ತಲೆಯೆತ್ತಿ, "ಇದು ಟ್ರ್ಯಾಕ್ಟರ್ ಕಣೇ!" ಅಂದ.

ಹೌದು, ಟ್ರ್ಯಾಕ್ಟರೇ. ಚೆಕೊಸ್ಲೊವಾಕಿಯಾದ ಜೆಟರ್ ಕಂಪನಿಯ ತಂತ್ರಜ್ಞಾನ ತಂದು ಎಚ್‌ಎಂಟಿಯವರು 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಕಟ್ಟೋಕೆ ಶುರು ಮಾಡಿದ ಗಾಡಿ. 25 ಹಾರ್ಸ್‌ಪವರ್, ಎರಡೇ ಸಿಲಿಂಡರ್. ವಾಚು ನಿಂತ ಹಾಗೆ ಅದೂ ನಿಂತಿತು. ಪಿಂಜೋರ್ ಘಟಕ ಮುಚ್ಚೋಕೆ ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮಪ್ಪ ಮಾತ್ರ ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಸೆಕೆಂಡ್ ಹ್ಯಾಂಡ್ ತಂದ ಆ ಗಾಡಿ ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಲ್ಲಿ ಇವತ್ತಿಗೂ ಓಡ್ತಾ ಇದೆ. ವರ್ಷಕ್ಕೊಮ್ಮೆ ಅದರ ದೊಡ್ಡ ಕೆಲಸ ಅಂದರೆ ಸೈಲೇಜ್.

ಪಶುವೈದ್ಯ ಇಲಾಖೆಯ ಕರಪತ್ರಗಳಲ್ಲಿ ಅದನ್ನ ರಸಮೇವು ಅಂತಾರೆ. ಊರಲ್ಲಿ ಸೈಲೇಜೇ. ಮುಸುಕಿನ ಜೋಳದ ತೆನೆಯಲ್ಲಿ ಹಾಲು ಗಟ್ಟಿಯಾಗ್ತಾ ಇರೋ ಹೊತ್ತಿಗೆ ಇಡೀ ಗಿಡ ಕೊಯ್ದು, ಅರ್ಧ ಮುಕ್ಕಾಲು ಇಂಚಿಗೆ ಕತ್ತರಿಸಿ, ಗಾಳಿ ಇಲ್ಲದ ಹಾಗೆ ತುಳಿದು ಮುಚ್ಚೋದು. ಒಳಗೆ ಉಳಿದ ಚೂರು ಗಾಳಿ ಖಾಲಿಯಾದ ಮೇಲೆ ಹುಳಿ ಬರಿಸೋ ಬ್ಯಾಕ್ಟೀರಿಯಾಗಳದ್ದೇ ರಾಜ್ಯ. ಜೋಳದ ಸಕ್ಕರೆಯನ್ನು ಅವು ಲ್ಯಾಕ್ಟಿಕ್ ಆಮ್ಲ ಮಾಡ್ತವೆ, ಆ ಹುಳಿಯಲ್ಲಿ ಕೊಳೆಸೋ ಜೀವಿಗಳು ಬದುಕಲ್ಲ. ನಮ್ಮಮ್ಮನ ಭಾಷೆಯಲ್ಲಿ ಹೇಳೋದಾದ್ರೆ ದನದ ಉಪ್ಪಿನಕಾಯಿ. ಉಪ್ಪಿನಕಾಯಿಗೆ ಭರಣಿ ಹೇಗೋ ಇದಕ್ಕೆ ಗುಂಡಿ ಹಾಗೆ. ಗುಂಡಿ ಅಂತ ಕರೀತೀವಿ, ಆದರೆ ಅಗೆದಿಲ್ಲ: ಎರಡು ಕಡೆ ಸೈಜುಗಲ್ಲಿನ ಗೋಡೆ, ನಡುವೆ ಸಿಮೆಂಟು ನೆಲ, ಹಿಂದೆ ಮುಂದೆ ಬಯಲು. 8 ಅಡಿ ಅಗಲ, 20 ಅಡಿ ಉದ್ದ. ಚೆನ್ನಾಗಿ ತುಳಿದರೆ ಹನ್ನೆರಡು ಟನ್ ಹಿಡಿಯುತ್ತೆ. ನಾಲ್ಕು ಹಸುಗೆ ದಿನಕ್ಕೆ ಎಂಬತ್ತು ಕೆಜಿ ಹಾಕಿದರೆ ಐದು ತಿಂಗಳು.

ಅಪ್ಪನ ಪದ್ಧತಿ ಹೀಗಿತ್ತು. ಟ್ರ್ಯಾಕ್ಟರಿನ ಹಿಂದಿನ ಪುಲ್ಲಿಗೆ ಬೆಲ್ಟು ಹಾಕಿ ಅದರಿಂದ ಹಳೇ ಚಾಫ್ ಕಟರ್ ಓಡಿಸೋದು. ಬೆಲ್ಟು ನೇರ ಕೂರೋ ತನಕ ಗಾಡಿಯನ್ನ ಹಿಂದೆ ಮುಂದೆ ಜರುಗಿಸಿ, ಬಿಗಿಯಾದ ಮೇಲೆ ಚಕ್ರಕ್ಕೆ ಕಲ್ಲು ಕೊಡೋದು. ಇಷ್ಟಕ್ಕೇ ಒಂದು ಬೀಡಿ ಹೊತ್ತು. ಬಾಯಿಗೆ ಜೋಳದ ದಂಟು ಕೊಡೋನು ಸಣ್ಣಯ್ಯ ಚಿಕ್ಕಪ್ಪ. ಅವನ ಬಲಗೈಯಲ್ಲಿ ಬೆರಳು ಮೂರೇ. ಉಳಿದೆರಡು ನಾನು ಹುಟ್ಟೋ ಮುಂಚೆ ಇಂಥದ್ದೇ ಒಂದು ಕಟರಿಗೆ ಹೋದವು. ಅದಕ್ಕೇ ಮಿಷನ್ ಹತ್ತಿರ ಯಾರಾದ್ರೂ ವೇಲು, ಸೆರಗು ಇಳಿಬಿಟ್ಟುಕೊಂಡು ಬಂದರೆ ಅವನು ಬೈಯೋ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ.

ಒಂದು ಗಂಟೆ ಕತ್ತರಿಸಿದರೆ ಒಂದು ಒಂದೂವರೆ ಟನ್. ಆಮೇಲೆ ಕಟರ್ ನಿಲ್ಲಿಸಿ, ಬೆಲ್ಟು ಕಳಚಿ, ಅದೇ ಟ್ರ್ಯಾಕ್ಟರನ್ನ ರಾಶಿ ಮೇಲೆ ಹತ್ತಿಸೋದು. ಮನೇಲಿರೋದು ಒಂದೇ ಗಾಡಿ ತಾನೇ. ಒಂದು ಗೇಣು ದಪ್ಪ ಹರಡಿದ ಮೇವಿನ ಮೇಲೆ ಅಪ್ಪ ಲೋ ಗೇರಿನಲ್ಲಿ ಹಿಂದೆ, ಮುಂದೆ, ಹಿಂದೆ, ಮುಂದೆ. ಗೋಡೆ ಬದಿಗೆ ಒಂದು ಸಲ, ನಡುವೆ ಒಂದು ಸಲ. ಇಳಿದು ಬೆರಳಲ್ಲಿ ಒತ್ತಿ ನೋಡ್ತಿದ್ದ. ಬೆರಳು ಸಲೀಸಾಗಿ ಒಳಗೆ ಹೋದರೆ ಮತ್ತೆ ಹತ್ತುತ್ತಿದ್ದ. ತೃಪ್ತಿಯಾದ ಮೇಲೆ ಗಾಡಿ ವಾಪಸ್, ಬೆಲ್ಟು ವಾಪಸ್, ಕಲ್ಲು ವಾಪಸ್. ಹೀಗೆ ಎರಡು ದಿನ. ರಾತ್ರಿ ಪ್ಲಾಸ್ಟಿಕ್ ಹೊದಿಸಿಟ್ಟು ಬೆಳಿಗ್ಗೆ ಮತ್ತೆ ಶುರು.

ನನಗೆ ಇದು ನೋಡಿದಾಗಲೆಲ್ಲಾ ಮೈ ಪರಚಿಕೊಳ್ಳೋ ಹಾಗಾಗ್ತಿತ್ತು. ಎರಡು ದಿನದಲ್ಲಿ ಅರ್ಧ ದಿನ ಬೆಲ್ಟು ಹಾಕೋದು, ತೆಗೆಯೋದು, ತುಳಿಯೋದು. ನನ್ನ ಕೆಲಸವೇ ಇಂಥ ಪೋಲು ಹುಡುಕೋದು. ಯಾವುದೋ ಕಂಪನಿಯ ಆರ್ಡರು ಒಂದು ಟೇಬಲ್ಲಿಂದ ಇನ್ನೊಂದಕ್ಕೆ ಹೋಗೋಕೆ ಎಷ್ಟು ಹೊತ್ತು ಕಾಯುತ್ತೆ ಅಂತ ಲೆಕ್ಕ ಹಾಕಿ ಸ್ಲೈಡು ಮಾಡೋಕೆ ಸಂಬಳ ಕೊಡ್ತಾರೆ.

2023ರ ಸೆಪ್ಟೆಂಬರ್. ಮಳೆ ಕೈ ಕೊಟ್ಟ ವರ್ಷ. ಕೊನೆಗೆ ರಾಜ್ಯದ 236 ತಾಲ್ಲೂಕಲ್ಲಿ 223 ಬರದ ಪಟ್ಟಿಗೆ ಸೇರಿದವು. ನಮ್ಮ ಬೋರು ಹೇಗೋ ಒಂದು ಎಕರೆ ಆಫ್ರಿಕನ್ ಟಾಲ್ ಜೋಳವನ್ನ ಉಳಿಸಿಕೊಟ್ಟಿತ್ತು. ನಾನು ವರ್ಕ್ ಫ್ರಮ್ ಹೋಮ್ ಅಂತ ಊರಲ್ಲಿದ್ದೆ. ಬಾಡಿಗೆಗೆ ದೊಡ್ಡ ಟ್ರ್ಯಾಕ್ಟರಿಗೆ ಸಿಗಿಸಿದ ಹಾರ್ವೆಸ್ಟರ್ ಸಿಗುತ್ತೆ, ಹೊಲದಲ್ಲೇ ಕೊಯ್ದು ಅಲ್ಲೇ ಕತ್ತರಿಸಿ ಟ್ರೈಲರಿಗೆ ಉಗುಳುತ್ತೆ ಅಂತ ಗೊತ್ತಾಯ್ತು. ಗಂಟೆ ಲೆಕ್ಕದ ಬಾಡಿಗೆ. ದುಡ್ಡು ನಾನು ಕೊಡ್ತೀನಿ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಂಗೆ ಸರಿ ಅನ್ಸಿದ್ರೆ ಮಾಡು ಪುಟ್ಟಿ" ಅಂದ.

ಆ ಮಿಷನ್ ನೋಡೋಕೇ ಚೆಂದ. ಎರಡು ಗಂಟೆಯಲ್ಲಿ ಎಕರೆ ಬೋಳು. ಟ್ರೈಲರ್ ಮೇಲೆ ಟ್ರೈಲರ್ ಬಂದು ಗುಂಡಿಗೆ ಸುರೀತು. ಅಪ್ಪ ಎಚ್‌ಎಂಟಿ ಹತ್ತಿ ತುಳೀತಾನೇ ಇದ್ದ. ಒಂದು ಪದರ ಹರಡೋದ್ರೊಳಗೆ ಇನ್ನೊಂದು ಲೋಡು ಮೇಲೆ. ಮೂರನೇ ಟ್ರೈಲರ್ ಹೊತ್ತಿಗೆ ಕೂಗಿದ, "ಪುಟ್ಟಿ, ಒಸಿ ನಿಲ್ಲುಸ್ಸು ಅನ್ನು. ಇನ್ನೂ ಕೂತಿಲ್ಲ!"

ನನ್ನ ಕಿವಿಯಲ್ಲಿ ಇಯರ್‌ಫೋನ್, ಒಂದು ಮೀಟಿಂಗ್ ನಡೀತಿತ್ತು. ಮ್ಯೂಟ್ ಮಾಡಿ, "ಗಂಟೆ ಬಾಡಿಗೆ ಓಡ್ತಾ ಇದೆ ಅಪ್ಪಾ, ಕೊನೇಲಿ ಒಟ್ಟಿಗೆ ತುಳಿದ್ರಾಯ್ತು" ಅಂದೆ. ಅಪ್ಪ ಏನೂ ಅನ್ನಲಿಲ್ಲ. ಕೊನೇಲಿ ಒಟ್ಟಿಗೆ ಒಂದು ಗಂಟೆ ತುಳಿದ. ರಾಶಿ ಎತ್ತರವಾಗಿತ್ತು, ಅಂಚಿಗೆ ಹೋದರೆ ಗಾಡಿ ವಾಲುತ್ತಿತ್ತು, ಅಮ್ಮ ಕೆಳಗಿಂದ ಬೇಡ ಬೇಡ ಅಂತಿದ್ದಳು. ಮಧ್ಯಾಹ್ನಕ್ಕೆ ಪ್ಲಾಸ್ಟಿಕ್ ಹೊದಿಸಿ ಹಳೇ ಟೈರು, ಮಣ್ಣಿನ ಚೀಲ ಹೇರಿ ಮುಗಿಸಿದೆವು. ಎರಡು ದಿನದ ಕೆಲಸ ಅರ್ಧ ದಿನಕ್ಕೆ! ಸ್ಟೇಟಸ್ ಹಾಕಿದೆ. ವಾಚಿನ ಗೆಳೆಯ ಚಪ್ಪಾಳೆ ಇಮೋಜಿ ಕಳಿಸಿದ.

ಡಿಸೆಂಬರಿನಲ್ಲಿ ತೆರೆದಾಗ ನಾನು ಬೆಂಗಳೂರಲ್ಲಿದ್ದೆ. ಅಮ್ಮ ಫೋನಿನಲ್ಲಿ ಘಮ್ ಅಂತಿದೆ ಕಣೇ, ಬೆಲ್ಲದ ವಾಸನೆ ಅಂದಳು. ನನಗೆ ಖುಷಿಯೋ ಖುಷಿ. ವಾರಾಂತ್ಯಕ್ಕೆ ಹೋದಾಗ ಅಪ್ಪ ಒಂದು ಹಿಡಿ ತೆಗೆದು ಕೈಯಲ್ಲಿಟ್ಟ. ಹಳದಿ ಹಸಿರು ಇರಬೇಕಾದದ್ದು ಕಂದು ಬಣ್ಣ, ಹೊಗೆಸೊಪ್ಪಿನ ಹಾಗೆ. ಸುಟ್ಟ ಬೆಲ್ಲದ ವಾಸನೆ. ಆ ವಾಸನೆ ಬಂತು ಅಂದರೆ ಒಳಗೆ ಗಾಳಿ ಉಳಿದು, ಮೇವು ಕಾದು, ಅದರ ಪ್ರೋಟೀನು ದನಕ್ಕೆ ದಕ್ಕದ ಹಾಗೆ ಕೆಟ್ಟಿದೆ ಅಂತ ಅರ್ಥ. ನನಗೆ ಇದು ಆಮೇಲೆ ಓದಿ ಗೊತ್ತಾಯ್ತು, ಅಪ್ಪನಿಗೆ ಮೂಗಿನಲ್ಲೇ ಗೊತ್ತಿತ್ತು. ಸರಿಯಾದ ಸೈಲೇಜ್ ಹುಳಿ ಹುಳಿ ವಾಸನೆ ಬರಬೇಕು, ರಾತ್ರಿ ಇಟ್ಟ ದೋಸೆ ಹಿಟ್ಟಿನ ಹಾಗೆ. ಗೋಡೆ ಬದಿಗೆ, ಮೇಲಿನ ಒಂದೂವರೆ ಅಡಿಗೆ ಬಿಳೀ ಬೂಷ್ಟು. ಬೂಷ್ಟು ಹಿಡಿದದ್ದನ್ನ ದನಕ್ಕೆ ಹಾಕೋ ಹಾಗಿಲ್ಲ, ಗಬ್ಬದ ಹಸುವಿಗಂತೂ ಮುಟ್ಟಿಸೋ ಹಾಗಿಲ್ಲ. ಆರಿಸಿ ಆರಿಸಿ ಮೂರರಲ್ಲೊಂದು ಪಾಲು ತಿಪ್ಪೆಗೆ ಹೋಯ್ತು.

ಮೇ ತನಕ ಬರಬೇಕಿದ್ದ ಮೇವು ಮಾರ್ಚಿಗೆ ಮುಗೀತು. ಆ ಬೇಸಿಗೆಯಲ್ಲಿ ದುಡ್ಡು ಕೊಡ್ತೀನಿ ಅಂದರೂ ಹತ್ತಿರದಲ್ಲೆಲ್ಲೂ ಹುಲ್ಲಿರಲಿಲ್ಲ. ನಾನು ಎಷ್ಟಾದ್ರೂ ಆಗಲಿ ತರಿಸು ಅಂದೆ. ಅಪ್ಪ ಎರಡು ಸಲ ತರಿಸಿದ. ಮೂರನೇ ಸಲ ಕೆಂಪಿಯನ್ನ ಮಾರಿದ.

ಕೆಂಪಿ ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ ಜೆರ್ಸಿ ಕ್ರಾಸು. ಲಾಕ್‌ಡೌನಿನಲ್ಲಿ ನಾನು ಊರಲ್ಲಿದ್ದಾಗ ಹುಟ್ಟಿದ್ದು, ಕೊಟ್ಟಿಗೆ ಜಗಲಿ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರೆ ಚಾರ್ಜರ್ ವೈರು ಅಗಿಯೋಕೆ ಬರೋದು. ಮಾರಿದ್ದನ್ನ ನನಗೆ ಅಪ್ಪ ಹೇಳಲಿಲ್ಲ, ಅಮ್ಮ ಹೇಳಿದಳು. ನಾನು ಅಪ್ಪನಿಗೆ ಫೋನ್ ಮಾಡಿ ಅತ್ತೆ. "ಹಾಲು ಬತ್ತಿತ್ತು ಬಿಡು" ಅಂದ. ಬತ್ತಿರಲಿಲ್ಲ. ಡೇರಿ ಪಾಸ್‌ಬುಕ್ಕಿನಲ್ಲಿ ಹಿಂದಿನ ವಾರದ್ದೂ ಬರೆದಿತ್ತು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲವಾದ್ದರಿಂದ ಲೆಕ್ಕ ಹಾಕೋಕೆ ಕೂತೆ. ಹೊರದೇಶದ ಡೇರಿಗಳಲ್ಲಿ ಒಂದು ಅಂದಾಜಿನ ಸೂತ್ರ ಇದೆ: ಗಂಟೆಗೆ ಬಂದು ಬೀಳೋ ಒಂದೊಂದು ಟನ್ ಮೇವಿಗೂ ಅದನ್ನ ತುಳಿಯೋ ಗಾಡಿಯ ತೂಕ ಸುಮಾರು 400 ಕೆಜಿ ಇರಬೇಕು. ನಮ್ಮ ಎಚ್‌ಎಂಟಿ, ಅಪ್ಪನ್ನೂ ಸೇರಿಸಿ, ಎರಡು ಟನ್ನಿಗೂ ಕಡಿಮೆ. ಅಂದರೆ ಗಂಟೆಗೆ ನಾಲ್ಕೈದು ಟನ್ ಅದರ ಮಿತಿ, ಅದೂ ಒಂದು ನಿಮಿಷ ಇಳಿಯದೆ ತುಳಿದರೆ. ಬಾಡಿಗೆ ಮಿಷನ್ ತಂದು ಸುರಿದದ್ದು ಗಂಟೆಗೆ ಆರೇಳು ಟನ್. ಹಳೇ ಕಟರ್ ಕೊಡ್ತಿದ್ದದ್ದು ಒಂದೂವರೆ. ನಾನು ಪೋಲು ಅಂದುಕೊಂಡಿದ್ದ ಆ ಬೆಲ್ಟು ಕಳಚುವ ಹೊತ್ತಿದೆಯಲ್ಲ, ಅದೇ ತುಳಿಯುವ ಹೊತ್ತು. ಎರಡೂ ಹಳೇ ಯಂತ್ರಗಳು, ಎರಡೂ ನಿಧಾನ, ಒಂದರ ನಿಧಾನಕ್ಕೆ ಇನ್ನೊಂದು ಸರಿಹೋಗಿತ್ತು. ನಾನು ಒಂದನ್ನ ಮಾತ್ರ ಬದಲಾಯಿಸಿದ್ದೆ. ಒಂದು ಟೀಮು ಬೇಗ ಮುಗಿಸಿ ಎಲ್ಲಾ ಕೆಲಸವನ್ನ ಪಕ್ಕದ ಟೀಮಿನ ತಲೆ ಮೇಲೆ ಸುರಿದರೆ ಏನಾಗುತ್ತೆ ಅಂತ ಆಫೀಸಿನಲ್ಲಿ ನಾನೇ ಸ್ಲೈಡು ಮಾಡಿ ತೋರಿಸಿದವಳು. ನಗಬೇಡಿ.

ಹೊಸ ಮಿಷನ್ನಿನ ತಪ್ಪೇನೂ ಇರಲಿಲ್ಲ, ಅದನ್ನೂ ಹೇಳಬೇಕು. ಕತ್ತರಿಕೆ ಹಳೇದಕ್ಕಿಂತ ಚೆನ್ನಾಗಿತ್ತು. ಎಲ್ಲಾ ಒಂದೇ ಅಳತೆ, ನಮ್ಮ ಕಟರಿನ ಬ್ಲೇಡು ಮೊಂಡಾದಾಗ ಬರೋ ಉದ್ದುದ್ದ ನಾರು ಒಂದೂ ಇಲ್ಲ. ಸಣ್ಣಯ್ಯನ ಉಳಿದ ಬೆರಳುಗಳ ದೃಷ್ಟಿಯಿಂದಲೂ ಅದೇ ವಾಸಿ.

ಹಾಗಾಗಿ ಮರುವರ್ಷ ಮತ್ತೆ ಅದನ್ನೇ ಕರೆಸಿದೆವು. ಆದರೆ ಬೇರೆ ಕರಾರಿನ ಮೇಲೆ: ಎರಡು ಟ್ರೈಲರ್ ತುಂಬಿಸಿ, ಪಕ್ಕದ ಹೊಲದವರ ಜೋಳ ಕೊಯ್ದು, ಮತ್ತೆ ಬಂದು ಎರಡು ಟ್ರೈಲರ್. ಪಕ್ಕದವರನ್ನ ಒಪ್ಪಿಸೋಕೆ ಎರಡು ಸಲ ಕಾಫಿ ಕುಡಿಯಬೇಕಾಯ್ತು. ನಾನು ಎಕ್ಸೆಲ್‌ನಲ್ಲಿ ಗಂಟೆ, ಟನ್ನು, ತೂಕ ಎಲ್ಲಾ ಹಾಕಿ ಪ್ರಿಂಟ್ ತೆಗೆದು ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದ.

"ಕೂತಿಲ್ಲ ಅಂತ ಅವತ್ತೇ ಹೇಳಿದ್ನಲ್ಲ" ಅಂದ.

ಆ ದಿನ ರಜೆ ಹಾಕಿದ್ದೆ, ಫೋನು ಅಮ್ಮನ ಹತ್ತಿರ. ಮೊದಲ ಎರಡು ಟ್ರೈಲರ್ ಬಿದ್ದ ಮೇಲೆ ಅಪ್ಪ ಅರ್ಧ ತುಳಿದು ಇಳಿದ. ನನ್ನನ್ನ ಹತ್ತು ಅಂದ. ಮೊದಲನೇ ಪದರ, ಇನ್ನೂ ನೆಲಮಟ್ಟ, ಬೀಳೋ ಭಯ ಇಲ್ಲ. ಲೋ ಗೇರು, ಹಿಂದೆ, ಮುಂದೆ. ಎರಡು ಸಿಲಿಂಡರಿನ ಡುಗು ಡುಗು ಸೀಟಿನಿಂದ ಹಲ್ಲಿನ ತನಕ. ಇಪ್ಪತ್ತು ನಿಮಿಷ ಆಗಿರಬಹುದು, ಸಾಕು ಅಂದುಕೊಂಡು ಕ್ಲಚ್ ಒತ್ತಿದೆ. ಅಪ್ಪ ಬಗ್ಗಿ ಗೋಡೆ ಮೂಲೆಯಲ್ಲಿ ಬೆರಳಿಟ್ಟ. ತಲೆ ಎತ್ತದೇ ಇನ್ನೊಂದು ಕೈಯಲ್ಲಿ ಸನ್ನೆ ಮಾಡಿದ: ಹಿಂದಕ್ಕೆ ಬಾ.