ಪಾಸ್‌ಬುಕ್ಕು ಜಾತಿಯನ್ನೂ ಹೇಳುತ್ತೆ

ಪೋಸ್ಟ್ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ಬೇರೆಯವರನ್ನು ಪ್ರಶ್ನೆ ಮಾಡೋಕೆ ಮೊದಲು ನನ್ನ ತಪ್ಪು ಒಪ್ಪಿಕೊಳ್ಳಬೇಕಿದೆ.

ನಾನು ವಕೀಲರ ಆಫೀಸಲ್ಲಿ ಗುಮಾಸ್ತ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯಿಂದ ಕಕ್ಷಿದಾರರು ಬರ್ತಾರೆ. ವಿಚ್ಛೇದನ, ಜೀವನಾಂಶದ ಕೇಸು ಬಹಳ. ನಮ್ಮವಳೇ ಒಬ್ಬ ಹೆಣ್ಣುಮಗಳು, ಅಜ್ಜಂಪುರ ಕಡೆಯ ಊರು. ಗಂಡನ ಮನೆ ಬಿಟ್ಟು ಮಗಳ ಜೊತೆ ಕಡೂರಲ್ಲಿ ಬಾಡಿಗೆಗಿದ್ದಳು. (ಅವಳನ್ನು ಕೇಳಿಯೇ ಬರೀತಿದೀನಿ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದೀನಿ.)

ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿದೆ. ಅದರಂತೆ ಜೀವನಾಂಶದ ಕೇಸಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಬ್ಯಾಂಕ್ ಖಾತೆ ಎಲ್ಲದರ ಪ್ರಮಾಣಪತ್ರ ಹಾಕಬೇಕು. ಒಳ್ಳೆ ತೀರ್ಪು. ಸಂಬಳ ಮುಚ್ಚಿಟ್ಟು "ನನ್ನ ಹತ್ರ ಏನೂ ಇಲ್ಲ ಸ್ವಾಮಿ" ಅನ್ನೋ ಗಂಡಸರಿಗೆ ಕಡಿವಾಣ. ಆದರೆ ಕೋರ್ಟಿಗೆ ಹೋಗೋ ಮೊದಲು ಆ ಕಾಗದಗಳು ಎಲ್ಲಿರ್ತವೆ? ನಮ್ಮಂಥ ಗುಮಾಸ್ತರ ಕಂಪ್ಯೂಟರಲ್ಲಿ.

ನಮ್ಮಲ್ಲಿ ಕೇಸುಗಳಿಗೆ ಅಂತ ಒಂದು ಸಾಫ್ಟ್‌ವೇರ್ ಇದೆ. ಎಲ್ಲರಿಗೂ ಒಂದೇ ಪಾಸ್‌ವರ್ಡ್, ಅದೂ ಚೀಟಿ ಮೇಲೆ ಬರೆದು ಮಾನಿಟರಿಗೆ ಅಂಟಿಸಿತ್ತು. ಅವತ್ತು ಪ್ರಿಂಟರ್ ಕೆಟ್ಟಿತ್ತು. ನಾನು ಅವಳ ಪ್ರಮಾಣಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಇಳಿಸಿಕೊಂಡು ಜೆರಾಕ್ಸ್ ಅಂಗಡಿಯ ವಾಟ್ಸಾಪ್‌ಗೆ ಕಳಿಸಿದೆ. ಪ್ರಿಂಟ್ ತಗೊಂಡು ಬಂದೆ. ಫೈಲು ಅಲ್ಲೇ ಉಳೀತು. ಮುಂದೆ ಯಾರ ಕೈಯಿಂದ ಯಾರ ಕೈಗೆ ಹೋಯ್ತೋ, ವಾರದೊಳಗೆ ಅವಳ ಮನೆ ಓನರ್ ಫೋನಲ್ಲಿತ್ತು.

ಅದರಲ್ಲೇನಿತ್ತು? ಗೃಹಲಕ್ಷ್ಮಿಯ 2000 ರೂಪಾಯಿ. ಸಂಘದ ಸಾಲದ ಕಂತು. ಜೊತೆಗೆ ಅಂಬೇಡ್ಕರ್ ಅಭಿವೃದ್ಧಿ ನಿಗಮದಿಂದ ಬಂದ ಸಾಲ. ಅಷ್ಟು ಸಾಕಾಯ್ತು. ಮನೆ ಕೊಡುವಾಗ ಅವರು ಜಾತಿ ಕೇಳಿರಲಿಲ್ಲ, ಇವಳು ಹೇಳಿರಲಿಲ್ಲ. "ನಮ್ಮ ಸಂಬಂಧಿಕರು ಬರ್ತಾರೆ, ತಿಂಗಳೊಳಗೆ ಖಾಲಿ ಮಾಡಮ್ಮ" ಅಂದರು.

ಅವಳು ಆಫೀಸಿಗೆ ಬಂದು ಜಗಳ ಮಾಡಲಿಲ್ಲ. "ಅಣ್ಣ, ಜಡ್ಜ್ ಸಾಹೇಬ್ರಿಗೆ ತೋರಿಸೋಕೆ ಅಂತ ಕೊಟ್ಟಿದ್ದೆ" ಅಂದಳು, ಅಷ್ಟೇ. ಇಪ್ಪತ್ತು ವರ್ಷದಿಂದ ಮೈಕ್ ಹಿಡಿದು ಮನೆ ಕೊಡದವರ ವಿರುದ್ಧ ಮಾತಾಡ್ತಿರೋನು ನಾನು. ಅವಳ ಮನೆ ಬಿಡಿಸಿದ ಫೈಲು ಹೋಗಿದ್ದು ನನ್ನ ಫೋನಿಂದ.

ಹಿಂದೆ ನಮ್ಮ ಕೇರಿಗಳಲ್ಲಿ ಬಿಡುಗಡೆ ಅಂದರೆ ಕಟ್ಟೆ ಪಂಚಾಯ್ತಿ. ಹೆಂಗಸಿನ ತಾಳಿ, ಪಾತ್ರೆ, ಸಾಲದ ಲೆಕ್ಕವೆಲ್ಲ ಊರ ಮುಂದೆ. ಬಾಬಾಸಾಹೇಬರು ಹೆಣ್ಣುಮಕ್ಕಳಿಗೆ ಕಾನೂನಿನ ಹಕ್ಕು ಸಿಗಲಿ ಅಂತ ಹಿಂದೂ ಕೋಡ್ ಬಿಲ್‌ಗಾಗಿ ಹೋರಾಡಿದರು. ಅದನ್ನು ಕೈಬಿಟ್ಟಿದ್ದು 1951ರಲ್ಲಿ ಅವರು ಮಂತ್ರಿ ಪದವಿಗೆ ರಾಜೀನಾಮೆ ಕೊಡೋಕೆ ದೊಡ್ಡ ಕಾರಣ. ಕೊನೆಗೆ ಬಂದ 1955ರ ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಈ ಕೇಸುಗಳ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೀಬೇಕು, ಅದನ್ನು ಪ್ರಕಟಿಸಬಾರದು. ಪ್ರಕಟಿಸಿದರೆ ದಂಡ? ಹೆಚ್ಚೆಂದರೆ 1000 ರೂಪಾಯಿ! ಕೋರ್ಟು ಬಾಗಿಲು ಹಾಕಿದರೂ ನಾವು ವಾಟ್ಸಾಪಲ್ಲಿ ಮತ್ತೆ ಕಟ್ಟೆ ಕಟ್ಟಿದೀವಿ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2019ರ ದತ್ತಾಂಶ ಮಸೂದೆಯಲ್ಲಿ ಹಣಕಾಸಿನ ವಿವರ, ಜಾತಿ ಎರಡನ್ನೂ 'ಸೂಕ್ಷ್ಮ' ಅಂತ ಪಟ್ಟಿ ಮಾಡಿದ್ದರು. 2023ರ ಕಾಯ್ದೆಯಲ್ಲಿ ಆ ಪಟ್ಟಿಯೇ ಇಲ್ಲ. ನಮ್ಮ ಸಂಘಟನೆಗಳು ಇದನ್ನು ಗಟ್ಟಿಯಾಗಿ ಕೇಳಬೇಕಿತ್ತು, ಕೇಳಲಿಲ್ಲ. ಉಳ್ಳವರ ಪಾಸ್‌ಬುಕ್ಕು ದುಡ್ಡಿನ ಲೆಕ್ಕ ಹೇಳುತ್ತೆ. ನಮ್ಮದು ಜಾತಿಯನ್ನೂ ಹೇಳುತ್ತೆ.

ಕೋರ್ಟಿಗೆ ಏನೂ ಮುಚ್ಚಿಡಿ ಅಂತ ನಾನು ಹೇಳ್ತಿಲ್ಲ. ಅಲ್ಲಿ ಪೂರ್ತಿ ಸತ್ಯ ಹೇಳಲೇಬೇಕು. ಸಂಬಂಧ ಇಲ್ಲದವರ ಕಣ್ಣಿಗೆ ಬೀಳಬಾರದು, ಅಷ್ಟೇ. ನಮ್ಮ ಆಫೀಸಲ್ಲಿ ಈಗ ಮಾಡಿರೋದು ಇಷ್ಟು. ಪ್ರತಿಯೊಬ್ಬರಿಗೂ ಬೇರೆ ಲಾಗಿನ್, ಜೊತೆಗೆ ಓಟಿಪಿ. ಯಾರ ಕೇಸೋ ಅವರಿಗೆ ಮಾತ್ರ ಆ ಫೈಲು. ಕೆಲಸ ಬಿಟ್ಟವರ ಲಾಗಿನ್ ಅವತ್ತೇ ಬಂದ್. ಪರದೆ ಮೇಲೆ ಖಾತೆ ನಂಬರಿನ ಕೊನೆಯ 4 ಅಂಕಿ ಮಾತ್ರ. ಯಾರು ಯಾವಾಗ ಫೈಲು ತೆಗೆದರು ಅನ್ನೋ ದಾಖಲೆ. ಪಿಡಿಎಫ್‌ಗೆ ಪಾಸ್‌ವರ್ಡ್, ಅದನ್ನು ಹೇಳೋದು ಫೋನಲ್ಲಿ. ಪ್ರಿಂಟರ್ ಕೆಟ್ಟರೆ ರಿಪೇರಿ ಆಗೋವರೆಗೂ ಕಾಯೋದು.

ಅಕ್ಕತಂಗಿಯರೇ, ನೀವೂ ವಕೀಲರ ಆಫೀಸಲ್ಲಿ ಕೇಳಿ: "ನನ್ನ ಕಾಗದ ಯಾರ್ಯಾರು ನೋಡ್ತಾರೆ? ಕೇಸು ಮುಗಿದ ಮೇಲೆ ಏನು ಮಾಡ್ತೀರಿ?" ಫೀಸು ಕೊಡ್ತೀರಿ, ಕೇಳೋಕೆ ಸಂಕೋಚ ಬೇಡ.

ಅವಳಿಗೆ ಬೇರೆ ಮನೆ ಹುಡುಕಿಕೊಟ್ಟಿದೀವಿ. ಈ ಸಲ ಜಾತಿ ಹೇಳಿಯೇ ಮನೆ ಹಿಡಿದಳು. "ಯಾರೋ ಫೋನಲ್ಲಿ ತೋರಿಸೋದಕ್ಕಿಂತ ನಾನೇ ಹೇಳ್ತೀನಿ ಅಣ್ಣ" ಅಂದಳು. ಹೇಳೋದು ಬಿಡೋದು ಮೊದಲೂ ಅವಳ ಕೈಯಲ್ಲೇ ಇರಬೇಕಿತ್ತು. ಅದನ್ನು ಕಿತ್ತುಕೊಂಡವನು ನಾನು. ತಂಗಿ, ಕ್ಷಮಿಸು.

ಜೈ ಭೀಮ್.